ಕಾಗದದಲ್ಲಿ ಇಲ್ಲದ ನೀಲಿ ಕಾರು

ನನ್ನ ಅಕ್ಕ ಆರ್ನೆಟ್ಟಾಗೆ ಎರಡು ಹುಚ್ಚು. ಒಂದು ಟೋಪಿ, ಇನ್ನೊಂದು ಕಾರನ್ನು ನಿಧಾನವಾಗಿ ಓಡಿಸುವುದು. ಟೋಪಿಗಳನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ಆದರೆ ಅವಳ ಪಕ್ಕದ ಸೀಟಿನಲ್ಲಿ ಕೂತು ಮೆಂಫಿಸ್ ಊರನ್ನು ದಾಟುವುದೆಂದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಾನು ದುಡಿಯುವ ವಯಸ್ಸಿನಲ್ಲೆಲ್ಲ ಸಿಟಿ ಬಸ್ಸು ಓಡಿಸಿದವನು. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಪ್ರತಿ ತಿಂಗಳ ಮೊದಲ ಶುಕ್ರವಾರ ಅವಳು ಚರ್ಚಿಗೆ ಹೋಗುವವಳ ಹಾಗೆ ಸಿಂಗರಿಸಿಕೊಂಡು, ದೊಡ್ಡ ಟೋಪಿಯಿಟ್ಟು, ತನ್ನ ನೀಲಿ ಬ್ಯೂಕ್ ಕಾರಿನಲ್ಲಿ ಅದೇ ಕಾರಿನ ಸಾಲದ ಕಂತು ಕಟ್ಟಲು ಹೊರಡುತ್ತಿದ್ದಳು. ಕಂಪನಿಯ ಕಿಟಕಿಯಲ್ಲಿ ನೋಟು ಎಣಿಸಿಕೊಟ್ಟು, ಠಸ್ಸೆ ಹೊಡೆದ ರಸೀದಿ ಇಸಿದುಕೊಂಡರೇ ಅವಳಿಗೆ ಸಮಾಧಾನ. ನೇರ ದಾರಿ ಬೇರೆ ಇತ್ತು. ಅವಳು ಮಾತ್ರ ನದಿಯ ಕಡೆಯ ಹಳೇ ಬೀದಿ ಹಿಡಿಯುತ್ತಿದ್ದಳು. ಬೆಳಗಿನ ಹೊತ್ತು ಮಿಸಿಸಿಪ್ಪಿಯಿಂದ ಮಂಜು ಎದ್ದು ಬೀದಿಯ ಮೊಣಕಾಲಿನ ತನಕ ನಿಂತಿರುತ್ತಿತ್ತು. ಚಕ್ರ ಕಾಣುತ್ತಿರಲಿಲ್ಲ, ರಸ್ತೆ ಕಾಣುತ್ತಿರಲಿಲ್ಲ. ಅಕ್ಕ ಚರ್ಚಿನ ಹಾಡೊಂದನ್ನು ಬಾಯಿಮುಚ್ಚಿಕೊಂಡು ಗುನುಗುತ್ತಿದ್ದಳು. ಕಾರು ಹೋಗುತ್ತಿದೆಯೋ, ಮನೆಗಳೇ ಹಿಂದಕ್ಕೆ ಸರಿಯುತ್ತಿವೆಯೋ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದದ್ದಿದೆ.

ಆ ಬೀದಿಯ ಕೊನೆಯಲ್ಲಿ ಒಂದು ಹಸಿರು ಬಾಗಿಲಿನ ಮನೆ. ಮುಂದೆ ಮುದಿ ಪೆಕಾನ್ ಮರ, ಮರದ ನೆರಳಿಗೆ ಜಗಲಿ. ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದ ಒಬ್ಬಾಕೆ ಕೂತಿರುತ್ತಿದ್ದಳು. ಮರದ ಹತ್ತಿರ ಬಂದ ಕೂಡಲೇ ಅಕ್ಕ ಇನ್ನೂ ನಿಧಾನ ಮಾಡಿ ಕೈ ಬೀಸುತ್ತಿದ್ದಳು. ಆಕೆಯೂ ಶಾಲಿನಿಂದ ಕೈ ಹೊರತೆಗೆದು ಬೀಸುತ್ತಿದ್ದಳು.

"ಯಾರಕ್ಕಾ ಅದು?" ಎಂದು ಒಮ್ಮೆ ಕೇಳಿದೆ.

"ನಂಗೇನ್ ಗೊತ್ತು?"

"ಗೊತ್ತಿಲ್ದೋರಿಗೆಲ್ಲಾ ಕೈ ಬೀಸ್ಕೊಂಡ್ ಹೋಗ್ತೀಯಲ್ಲ, ನೀನೇನು ಎಲೆಕ್ಷನ್‌ಗೆ ನಿಂತಿದೀಯಾ?"

"ಗೊತ್ತಿದ್ದೋರೆಲ್ಲ ನಾನು ದಿವಾಳಿ ಆದ್ಮೇಲೆ ಕೈ ಬೀಸೋದು ಬಿಟ್ಟಿದಾರೆ ಥೀಯೊ. ಇವರೊಬ್ರು ಬೀಸ್ತಾರೆ. ಬಿಡು ಪಾಪ."

ಭಾವ ಲೆಮ್ ಸಾಯುವ ಮೊದಲು ಆಸ್ಪತ್ರೆಯ ಬಿಲ್ಲುಗಳು ಇವರಿಬ್ಬರನ್ನೂ ನುಂಗಿ ನೀರು ಕುಡಿದಿದ್ದವು. ಮನೆ ಹೋಯಿತು. ಅಕ್ಕ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿದಳು. ಉಳಿದದ್ದು ಈ ಕಾರು ಮತ್ತು ಟೋಪಿಯ ಡಬ್ಬಿಗಳು. ಅಂದಿನಿಂದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ, ನನ್ನ ಹೆಂಡತಿಯ ಹೊಲಿಗೆ ಮಿಷನ್ನಿನ ಪಕ್ಕ ಮಲಗುತ್ತಿದ್ದಳು.

ಕೋರ್ಟಿನಲ್ಲಿ ಅವಳ ವಕೀಲ ಒಂದು ಕಾಗದ ತೋರಿಸಿದ್ದ. ಕಾರಿನ ಸಾಲವನ್ನು ಹೊಸದಾಗಿ ತಲೆಯ ಮೇಲೆ ಹೊರುತ್ತೇನೆ ಎಂದು ಒಪ್ಪಿಕೊಳ್ಳುವ ಕಾಗದ ಅದು. "ಸಹಿ ಮಾಡಬೇಡಿ ಅಮ್ಮಾ," ಎಂದಿದ್ದ. "ಸುಮ್ನೆ ಕಂತು ಕಟ್ಕೊಂಡು ಹೋಗಿ, ಕಾರು ನಿಮ್ಮ ಹತ್ರಾನೇ ಇರುತ್ತೆ. ಮುಂದೆ ಕೈಲಾಗದೇ ಹೋದ್ರೆ ಕೀ ವಾಪಸ್ ಕೊಟ್ಟುಬಿಡಿ, ಯಾರೂ ನಿಮ್ಮ ಬೆನ್ನು ಹತ್ತೋ ಹಾಗಿಲ್ಲ." ಒಳ್ಳೆಯ ಮಾತೇ. ಅಕ್ಕ ಸಹಿ ಮಾಡಲಿಲ್ಲ. ಆದರೆ ಕಂತನ್ನು ಒಂದು ತಿಂಗಳೂ ತಪ್ಪಿಸಲಿಲ್ಲ. "ಇದೊಂದನ್ನ ನೆಟ್ಟಗೆ ತೀರಿಸಿದ್ರೆ ನನ್ನ ಹೆಸರು ಮತ್ತೆ ನೆಟ್ಟಗಾಗುತ್ತೆ," ಎನ್ನುತ್ತಿದ್ದಳು.

ಸಾಲ ತೀರಿತು. ಕಾರು ಅವಳದೇ ಎಂಬ ಪತ್ರ ಅಂಚೆಯಲ್ಲಿ ಬಂತು. ಆಗ ಅವಳು ಮಾಡಿದ ಕೆಲಸವನ್ನು ನಮ್ಮ ಚರ್ಚಿನವರಲ್ಲದೆ ಬೇರೆ ಯಾರೂ ಮಾಡಲಾರರು.

ನಮ್ಮಲ್ಲಿ ಚರ್ಚಿನ ಕಟ್ಟಡದ ಸಾಲ ತೀರಿದಾಗ ಸಾಲಪತ್ರವನ್ನು ಎಲ್ಲರ ಮುಂದೆ ಸುಡುತ್ತೇವೆ. ಒಮ್ಮೆ ಹಾಗೆ ಸುಟ್ಟಿದ್ದೆವು. ಹಾಡೇನು, ಕುಣಿತವೇನು, ಹುರಿದ ಕೋಳಿಯೇನು! ಅಕ್ಕನಿಗೆ ಅದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು, "ಪಾಸ್ಟರ್, ನಂದೂ ಒಂದು ಸುಡೋದಿದೆ," ಎಂದಳು. ಪಾಸ್ಟರ್ ಬ್ರಿಗ್ಸ್ ನಕ್ಕು, ತಗಡಿನ ತಟ್ಟೆಯೊಂದನ್ನು ತರಿಸಿದರು. ವರ್ಷಗಟ್ಟಲೆಯ ರಸೀದಿಗಳ ಕಟ್ಟನ್ನು ಅಕ್ಕ ಅದರಲ್ಲಿಟ್ಟು ಕಡ್ಡಿ ಗೀರಿದಳು. ಅಂಗಳದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. ಕಪ್ಪು ಚೂರುಗಳು ಹಗುರವಾಗಿ ಮೇಲೆದ್ದು, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಮಾಡಿನ ಆಚೆಗೆ ಹೋದವು. ಅಕ್ಕ ತಲೆಯೆತ್ತಿ ನೋಡುತ್ತಲೇ ಇದ್ದಳು. ಭಾವ ಸತ್ತ ಮೇಲೆ ಅವಳ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ನಾನೂ ಗಂಟಲು ಹರಿಯುವ ಹಾಗೆ ಹಾಡಿದೆ.

ಅದಾಗಿ ಕೆಲವು ವಾರಗಳಿಗೆ ಹಸಿರು ಬಾಗಿಲಿನ ಮನೆಯ ಮುಂದೆ ಮಾರಾಟದ ಬೋರ್ಡು ಕಾಣಿಸಿತು. ಜಗಲಿಯ ಕುರ್ಚಿ ಖಾಲಿಯಾಗಿ ಆಗಲೇ ಬಹಳ ದಿನವಾಗಿತ್ತು. ಕಟ್ಟಲು ಕಂತು ಉಳಿಯದಿದ್ದರೂ ಅಕ್ಕ ಮೊದಲ ಶುಕ್ರವಾರ ಆ ದಾರಿಯಲ್ಲಿ ಹೋಗುವುದನ್ನು ಬಿಟ್ಟಿರಲಿಲ್ಲ.

"ಥೀಯೊ, ಆ ಮನೆ ನಂಗೆ ಬೇಕು," ಎಂದಳು ಆ ರಾತ್ರಿ ಊಟಕ್ಕೆ ಕೂತಾಗ. ಮಗುವಿನ ಹಾಗೆ ಹೇಳಿದಳು. "ಆ ಜಗಲೀಲಿ ಕೂತ್ಕೋಬೇಕು. ಅಷ್ಟೇ ಕಣೋ."

ಮನೆಯ ಯಜಮಾನರು ಗೇದರ್ ಎಂಬ ಮುದುಕರು. ಬ್ಯಾಂಕಿನ ಗೋಜಿಲ್ಲದೆ ತಿಂಗಳು ತಿಂಗಳು ತಮಗೇ ಕಂತು ಕಟ್ಟುವವರಿಗೆ ಮನೆ ಕೊಡುವುದಾಗಿ ಹೇಳಿದ್ದರು. ಅಕ್ಕನ ಕಾರು ಬ್ರೇಕು ಸರಿಮಾಡಿಸಲು ಗ್ಯಾರೇಜಿಗೆ ಹೋಗಿತ್ತು, ನನ್ನ ಪಿಕಪ್ ಗಾಡಿಯಲ್ಲೇ ಹೋದೆವು. ಟೋಪಿ ಬೇಡ, ದುಡ್ಡಿರುವವಳ ಹಾಗೆ ಕಾಣಬೇಡ ಎಂದು ನನ್ನ ಹೆಂಡತಿ ಬುದ್ಧಿ ಹೇಳಿದ್ದಳು. ಬರಿದಲೆಯಲ್ಲಿ ಅಕ್ಕ ಯಾರದೋ ಅಜ್ಜಿಯ ಹಾಗೆ ಕಂಡಳು.

ಗೇದರ್ ಅಡುಗೆಮನೆಯ ಮೇಜಿನ ಮೇಲೆ ಅವಳ ಸಾಲ-ಕಂತುಗಳ ಜಾತಕವಾದ ಕ್ರೆಡಿಟ್ ರಿಪೋರ್ಟ್ ಹರಡಿಕೊಂಡು, ಭೂತಗನ್ನಡಿ ಹಿಡಿದು ಓದಿದರು. ಅವರ ಬೆರಳು ಒಂದು ಕಡೆ ನಿಂತಿತು.

"ಕಾರಿನ ಸಾಲ. ದಿವಾಳಿಯಲ್ಲಿ ಮನ್ನಾ. ಬಾಕಿ ಸೊನ್ನೆ." ಮೇಲೆ ನೋಡಿದರು. "ಆಮೇಲೆ ಏನೂ ಇಲ್ವಲ್ಲಮ್ಮ."

"ಏನೂ ಇಲ್ಲ ಅಂದ್ರೆ?" ಎಂದಳು ಅಕ್ಕ. "ಅಷ್ಟು ವರ್ಷ ಕಟ್ಟಿದೀನಲ್ಲ. ತಿಂಗ್ಳು ತಿಂಗ್ಳೂ."

"ಇಲ್ಲಿ ಬಂದಿಲ್ಲ."

ಆ ವಕೀಲನಿಗೆ ನಾನೇ ಫೋನು ಮಾಡಿದೆ. ಅವನು ಬಹಳ ಮೆತ್ತಗೆ ಹೇಳಿದ: ಆ ಕಾಗದಕ್ಕೆ ಸಹಿ ಹಾಕದಿದ್ದರೆ ಕೋರ್ಟಿನ ಲೆಕ್ಕದಲ್ಲಿ ಸಾಲ ಅವತ್ತೇ ಸತ್ತುಹೋದಂತೆ. ಸತ್ತ ಸಾಲಕ್ಕೆ ಕಟ್ಟಿದ ಕಂತನ್ನು ಸಾಮಾನ್ಯವಾಗಿ ಯಾವ ಕಂಪನಿಯೂ ವರದಿ ಮಾಡುವುದಿಲ್ಲ. ರಿಪೋರ್ಟಿನಲ್ಲಿ ತಪ್ಪೇನಿಲ್ಲ. ರಸೀದಿ ಇಟ್ಟುಕೊಂಡಿದ್ದರೆ ಅದನ್ನೇ ತೋರಿಸಿ.

ರಸೀದಿ! ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಕ್ಕ ಕಾರಿನ ಪತ್ರವನ್ನು ಮುಂದಿಟ್ಟಳು. ಗೇದರ್ ಅದನ್ನೂ ಓದಿ ಮೆಲ್ಲಗೆ ಮಡಿಚಿದರು. "ಸಾಲ ಮುಗೀತು ಅಂತ ಇದೆ. ಹೇಗೆ ಮುಗೀತು ಅಂತ ಇಲ್ಲ. ನೀವು ಕಟ್ಟಿ ಮುಗೀತೋ, ಕೋರ್ಟು ಒರೆಸಿ ಮುಗೀತೋ, ನಾನು ಹೇಗೆ ತಿಳ್ಕೊಳ್ಲಿ? ನಾನು ಮಗಳ ಹತ್ರ ಹೋಗೋನು. ನಿಮ್ಮ ಕಂತೇ ನನ್ನ ಊಟ. ಏನಾದ್ರೂ ಪುರಾವೆ ತನ್ನಿ. ಮುಂದಿನ ಶುಕ್ರವಾರದ ತನಕ ಕಾಯ್ತೀನಿ." ಒರಟು ಮನುಷ್ಯನಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂತು. ಹೊರಗೆ ಬರುವಾಗ ಅಕ್ಕ ಜಗಲಿಯ ಖಾಲಿ ಕುರ್ಚಿಯ ಮುಂದೆ ಒಂದು ಗಳಿಗೆ ನಿಂತಳು. ಕುರ್ಚಿಯ ಮೇಲೆ ಶಾಲು ಮಡಿಚಿಟ್ಟಿತ್ತು. ಆ ಶಾಲಿನಾಕೆ ಏನಾದಳೆಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಸಾಲದ ಕಂಪನಿಯನ್ನು ಹುಡುಕಿಕೊಂಡು ಹೋದೆವು. ಅದು ಬೇರೊಂದು ಕಂಪನಿಗೆ ಮಾರಿಹೋಗಿತ್ತು, ಆ ಕಂಪನಿ ಇನ್ನೊಂದಕ್ಕೆ. ಕಿಟಕಿಯಿದ್ದ ಕಡೆ ಹಲಗೆ ಹೊಡೆದು, ಅದರ ಮೇಲೆ ಕಾಡುಬಳ್ಳಿ ಹಬ್ಬಿತ್ತು. ಫೋನು ಮಾಡಿದರೆ ಸಂಗೀತ ಕೇಳಿಸುತ್ತಿತ್ತು, ಸಂಗೀತ ನಿಂತರೆ ಮೌನ. ಅಕ್ಕ ಬಳ್ಳಿಯನ್ನು ಸರಿಸಿ, ಕಿಟಕಿಯ ಕಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಇಲ್ಲೇ ಅಲ್ವೇನೋ ನಾನು ಕಟ್ತಿದ್ದಿದ್ದು?"

"ಇಲ್ಲೇ ಅಕ್ಕ. ನಾನೇ ಪಕ್ಕದಲ್ಲಿ ನಿಂತು ಬೈಕೊಂಡಿದೀನಲ್ಲ."

"ನಿನ್ನೆ ಕನಸಲ್ಲಿ ಕಾರು ಓಡಿಸ್ತಿದ್ದೆ ಥೀಯೊ. ಕೆಳಗೆ ನೋಡ್ತೀನಿ, ಚಕ್ರ ನೆಲಕ್ಕೇ ತಾಗಿಲ್ಲ. ಮಂಜಲ್ಲಿ ಹೋಗ್ತಾ ಇದೀನಿ, ಹೋಗ್ತಾ ಇದೀನಿ, ಎಲ್ಲೂ ಒಂದು ಗುರುತಿಲ್ಲ." ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ನಾನು ಯಾವ ಕಾರಲ್ಲಿ ಓಡಾಡ್ದೆ ಹೇಳು?"

ಬೇರೆ ಹೊತ್ತಾಗಿದ್ದರೆ ನಾನು ಏನಾದರೂ ತಮಾಷೆ ಮಾಡುತ್ತಿದ್ದೆ. ಅವಳ ಕಣ್ಣು ನೋಡಿ ಆಗಲಿಲ್ಲ. ಅವಳಿಗೆ ನಿಜವಾಗಿಯೂ ಅನುಮಾನ ಬಂದಿತ್ತು.

ಶುಕ್ರವಾರ ಬಂತು. ತಿಂಗಳ ಮೊದಲ ಶುಕ್ರವಾರವೇ. ಅಕ್ಕ ಎದ್ದು ಸ್ನಾನ ಮಾಡಿ, ತುಂಬಾ ದೊಡ್ಡದಾದ ಹಳದಿ ಟೋಪಿಯನ್ನು ಆರಿಸಿ ಇಟ್ಟುಕೊಂಡಳು.

"ಎಲ್ಲಿಗೆ? ಕೈಲಿ ಒಂದು ಚೂರು ಕಾಗದ ಇಲ್ಲ," ಎಂದೆ.

"ಸುಟ್ಟೆ ಅಂತ ಹೇಳಿ ಬರ್ತೀನಿ. ಕಾಯ್ತಾ ಕೂತಿರ್ತಾರೆ ಪಾಪ. ಕಾಯಿಸಬಾರ್ದು. ನೀ ಬರ್ದಿದ್ರೆ ಬಿಡು."

ನಾನು ಗೊಣಗಿಕೊಂಡೇ ಹತ್ತಿ ಕೂತೆ. ಗ್ಯಾರೇಜಿನಿಂದ ಬಂದ ಬ್ಯೂಕ್ ಮೊದಲಿಗಿಂತ ಮೆತ್ತಗೆ ಹೋಗುತ್ತಿತ್ತು. ನದಿಯ ಮಂಜು ಅವತ್ತು ಇನ್ನೂ ದಟ್ಟವಾಗಿ, ಬಾಗಿಲ ಹಿಡಿಯ ತನಕ ಬಂದಿತ್ತು. ಅಕ್ಕ ಗುನುಗಲಿಲ್ಲ. ಪೆಕಾನ್ ಮರ ಬಂತು. ಅವಳ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಕೈಯೂ ತಾನಾಗಿ ಮೇಲೆದ್ದು, ಖಾಲಿ ಕುರ್ಚಿಯ ಕಡೆ ಬೀಸಿತು.

ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದ ಗೇದರ್ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಅವರು ಅದನ್ನು ನೋಡಲೂ ಇಲ್ಲ. ಕೋಲೂರಿಕೊಂಡು ಮೆಟ್ಟಿಲಿಳಿದು, ಮಂಜಿನಲ್ಲಿ ಕಾರಿನ ತನಕ ಬಂದು, ಅದರ ಮೂತಿಯ ಮೇಲೆ ಕೈಯಿಟ್ಟರು. ಬಿಸಿಯಿದೆಯೇ ಎಂದು ನೋಡುವವರ ಹಾಗೆ ಇಟ್ಟುಕೊಂಡೇ ಇದ್ದರು.

ಅಕ್ಕ ಕಿಟಕಿ ಇಳಿಸಿ ಗಡಿಬಿಡಿಯಲ್ಲಿ ಶುರುಮಾಡಿದಳು. "ಕ್ಷಮಿಸಿ ಮಿಸ್ಟರ್ ಗೇದರ್, ರಸೀದಿನೆಲ್ಲ ನಾನೇ ಚರ್ಚಲ್ಲಿ..."

"ನೀಲಿ ಕಾರು," ಎಂದರು ಅವರು. "ಟೋಪಿ."

"ಏನಂದ್ರಿ?"

"ನನ್ನ ಹೆಂಡತಿ ಯೂಲಾ. ಕಾಯಿಲೆ ಬಿದ್ದ ಮೇಲೆ ಈ ಜಗಲಿ ಬಿಟ್ಟು ಏಳ್ತಿರ್ಲಿಲ್ಲ. ಟೋಪಿಯಮ್ಮ ಬಂದ್ಲು ಕಣ್ರೀ, ಮೊದಲ ಶುಕ್ರವಾರ ಆಯ್ತು, ತಿಂಗಳು ಕಳೀತು, ನಾನಿನ್ನೂ ಇದೀನಿ, ಅಂತಿದ್ಲು. ನಾನು ಒಳಗಿಂದ ಈ ಮಂಡಿ ಎಳ್ಕೊಂಡು ಬಾಗಿಲಿಗೆ ಬರೋ ಹೊತ್ತಿಗೆ ರಸ್ತೆ ಖಾಲಿ. ಪ್ರತಿ ಸಲಾನೂ ಖಾಲಿ." ಅವರು ಖಾಲಿ ಕುರ್ಚಿಯ ಕಡೆ ತಿರುಗಿ ನೋಡಿದರು. "ಮದ್ದಿನ ಅಮಲು ಯೂಲಾ, ಅಲ್ಲಿ ಯಾವ ಕಾರೂ ಇಲ್ಲ ಅಂತ ಹೇಳ್ತಿದ್ದೆ. ಕೊನೇಲಿ ಅವಳೂ ಅಮಲೇ ಇರ್ಬಹುದು ಅಂದ್ಬಿಟ್ಲು."

ಅಕ್ಕ ಕಾರಿಳಿದಳು. ಆ ಮುದುಕರ ತೋಳು ಹಿಡಿದುಕೊಂಡಳು. ಇಬ್ಬರೂ ಅಳುತ್ತಿದ್ದರು. ನಾನು ಪೆಕಾನ್ ಮರವನ್ನು ನೋಡುತ್ತಾ ಕೂತೆ, ನನಗೂ ಅದು ಸರಿಯಾಗಿ ಕಾಣುತ್ತಿರಲಿಲ್ಲ.

ಕೊನೆಗೆ ಅಕ್ಕ ಮೂಗೊರೆಸಿಕೊಂಡು, "ಒಂದು ತಿಂಗಳೂ ತಪ್ಪಿಸಿಲ್ಲ, ದೇವರಾಣೆ..." ಎಂದಳು.

"ನೀವು ಹೇಳ್ಬೇಡಿ. ತಪ್ಪಿದ್ರೆ ಅವಳು ನಂಗೆ ಹೇಳ್ತಿದ್ಲು. ರಸ್ತೆಯೆಲ್ಲ ಹಿಮ ಗಟ್ಟಿಯಾಯ್ತಲ್ಲ, ಆ ಚಳಿಗಾಲ, ಆ ಶುಕ್ರವಾರ ನೀವು ಸಂಜೆಗೆ ಬಂದ್ರಿ. ಅಲ್ಲೀವರೆಗೂ ಗುಟುಕು ಸೂಪ್ ಕುಡೀಲಿಲ್ಲ ಅವಳು."

ನನಗೆ ಆ ದಿನ ನೆನಪಿತ್ತು. ಆ ಹಿಮದಲ್ಲಿ ಹೊರಡಬೇಡ ಎಂದು ನಾನು ಕೂಗಾಡಿದ್ದೆ. ಅವಳು ಕೇಳಿರಲಿಲ್ಲ.

ಗೇದರ್ ಜೇಬಿನಿಂದ ಹಸಿರು ಬಾಗಿಲಿನ ಕೀ ತೆಗೆದು ಅಕ್ಕನ ಅಂಗೈಯಲ್ಲಿಟ್ಟು, ಬೆರಳು ಮಡಿಚಿದರು. ಕಂತು ಮೊದಲ ಶುಕ್ರವಾರವೇ ಬರಬೇಕು ಎಂದರು. ಅಕ್ಕ ಟೋಪಿ ಅಲ್ಲಾಡುವ ಹಾಗೆ ತಲೆಯಾಡಿಸಿದಳು.

"ಈ ಸಲ ರಸೀದಿ ಸುಟ್ರೆ ನಿನ್ನನ್ನೇ ಸುಡ್ತೀನಿ," ಎಂದೆ ನಾನು ಕಾರಿನೊಳಗಿನಿಂದ.

ಇಬ್ಬರೂ ಅಳುವಿನ ಮಧ್ಯೆ ನಕ್ಕರು. ಆಮೇಲೆ ಮುದುಕರು ಸಂಕೋಚದಿಂದ, "ಒಂದುಪಕಾರ ಮಾಡ್ತೀರಾಮ್ಮ? ಬೀದಿ ಸುತ್ತಿ ಇನ್ನೊಂದು ಸಲ ಬರ್ತೀರಾ?" ಎಂದರು. ಅವರು ಮೆಟ್ಟಿಲು ಹತ್ತಿ, ಶಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಯೂಲಾಳ ಕುರ್ಚಿಯಲ್ಲಿ ಕೂತರು.

ನಾವು ಬೀದಿ ಸುತ್ತಿ ತಿರುಗಿ ಬಂದೆವು. ಮಂಜು ಹಾಗೇ ಇತ್ತು. ಪೆಕಾನ್ ಮರ ಹತ್ತಿರವಾಯಿತು. ಅಕ್ಕ ಕೈಯೆತ್ತಿದಳು, ಜಗಲಿಯಲ್ಲಿ ಒಂದು ಮುದಿ ಕೈ ಶಾಲಿನ ಮೇಲಿಂದ ಎದ್ದು ಬೀಸತೊಡಗಿತು.

"ಇನ್ನೂ ಸ್ವಲ್ಪ ನಿಧಾನ ಹೋಗಕ್ಕಾ," ಎಂದೆ ನಾನು.