ಉಳಿದ ಅರ್ಧ ಗಂಟೆ

"ಡೆಡ್‌ಲಾಕ್ ಅಂದ್ರೇನಮ್ಮ?"

ಕಾಲೇಜಿನ ಲ್ಯಾಬಿನಲ್ಲಿ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳುತ್ತಿದ್ದುದು ಎರಡನೇ ಸಲ. ಆಪರೇಟಿಂಗ್ ಸಿಸ್ಟಮ್ಸ್ ಅನ್ನೋ ಈ ಕಂಪ್ಯೂಟರ್ ವಿಷಯದಲ್ಲಿ ಕಳೆದ ಸಲ ರಂಜಿತ ಫೇಲಾಗಿದ್ದೂ ಓದದೆ ಅಲ್ಲ, ಹೀಗೆ ಇಂಗ್ಲಿಷಿನ ಮುಂದೆ ನಾಲಿಗೆ ಏಳದೆ. ತನ್ನೂರು ಕುಂದಾಣದಿಂದ ಕಾಲೇಜಿರುವ ದೇವನಹಳ್ಳಿಯವರೆಗೆ ಬಸ್ಸಿನಲ್ಲಿ ಉರುಹೊಡೆದಿದ್ದ ಡೆಡ್‌ಲಾಕಿನ ನಾಲ್ಕು ಲಕ್ಷಣಗಳಲ್ಲಿ ಒಂದೂ ಈಗ ಹತ್ತಿರ ಸುಳಿಯಲಿಲ್ಲ.

"ಕನ್ನಡದಲ್ಲಿ ಹೇಳ್ಲಾ ಸಾರ್?"

"ಹೇಳು, ಪರವಾಗಿಲ್ಲ."

"ನಮ್ಮಪ್ಪಂಗೂ ದೊಡ್ಡಪ್ಪಂಗೂ ಒಂದೇ ಬೋರ್‌ವೆಲ್ ಸಾರ್. ಸರದಿ ಮೇಲೆ ನೀರು ಕಟ್ತಾರೆ. ಹೋದ್ವಾರ ಅಪ್ಪನ ಸರದೀಲಿ ಅರ್ಧ ಗಂಟೆ ಬಾಕಿ ಇರುವಾಗ ಕರೆಂಟ್ ಹೋಯ್ತು. ಸರದಿ ಮುಗೀತು ಅಂತ ದೊಡ್ಡಪ್ಪ, ಇನ್ನೂ ಐತೆ ಅಂತ ಅಪ್ಪ. ದೊಡ್ಡಪ್ಪ ಮೋಟರ್ ಸ್ಟಾರ್ಟರ್ ಡಬ್ಬಕ್ಕೆ ಬೀಗ ಹಾಕಿ ಬೀಗದ ಕೈ ಎತ್ಕೊಂಡೋದ್ರು. ಅಪ್ಪ ಬೋರಿನ ಪೈಪಿನ ವಾಲ್ವ್ ಮುಚ್ಚಿ ಅದರ ಚಕ್ರಾನೇ ಬಿಚ್ಕೊಂಡ್ ಬಂದ್ಬಿಟ್ರು. ನೀನ್ ಮೊದ್ಲು ಕೊಡು ಅಂತ ಇವರು, ನೀನ್ ಮೊದ್ಲು ಕೊಡು ಅಂತ ಅವರು. ಎಂಟು ದಿನದಿಂದ ಇಬ್ರ ತೋಟಕ್ಕೂ ನೀರಿಲ್ಲ. ಅದೇ ಸಾರ್ ಡೆಡ್‌ಲಾಕ್. ಕಂಪ್ಯೂಟರಲ್ಲಿ ಎರಡು ಪ್ರೋಗ್ರಾಮೂ ಹಿಂಗೇ ನಿಂತ್ಬಿಡ್ತವೆ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ನಗದೆ ಕೂತಿದ್ದವಳು ದಿವ್ಯ ಒಬ್ಬಳೇ. ಅವಳು ಆ ದೊಡ್ಡಪ್ಪನ ಮಗಳು. ಒಂದೇ ಬಸ್ಸಿನಲ್ಲಿ ಬಂದರೂ ಇಬ್ಬರಿಗೂ ಎಂಟು ದಿನದಿಂದ ಮಾತಿರಲಿಲ್ಲ.

"ಇದಕ್ಕೆ ಪರಿಹಾರ?" ಪರೀಕ್ಷಕರು ಪೆನ್ನು ಕೆಳಗಿಟ್ಟು ಕೇಳಿದರು.

"ಇಬ್ರಲ್ಲಿ ಒಬ್ರ ಕೈಲಿರೋದನ್ನ ಬಿಡಿಸ್ಬೇಕು, ಇಲ್ಲಾಂದ್ರೆ ಒಬ್ರನ್ನ ಮುಗಿಸ್ಬೇಕು ಅಂತ ಪುಸ್ತಕದಲ್ಲಿದೆ ಸಾರ್."

"ನಿಮ್ಮನೇಲಿ ಏನ್ ಮಾಡಿದ್ರಿ?"

ಥ್ಯಾಂಕ್ಯೂ ಎಂದಷ್ಟೇ ಹೇಳಿ ರಂಜಿತ ಹೊರಬಂದಳು. ಪಾಸಾದೆನೆಂಬುದು ಅವರ ಮುಖ ನೋಡಿಯೇ ತಿಳಿದಿತ್ತು. ಆದರೂ ಆ ಪ್ರಶ್ನೆ ಊರಿನ ತನಕ ಅವಳ ಬೆನ್ನು ಬಿಡಲಿಲ್ಲ.

ಬಸ್ಸಿಳಿದಾಗ ದಿವ್ಯ ಪಕ್ಕಕ್ಕೆ ಬಂದಳು. "ನಮ್ಮನೆ ಮರ್ಯಾದೆನೆಲ್ಲ ಹರಾಜಾಕ್ದೆ ಕಣೇ."

"ನಮ್ಮನೇದೂ ಹೋಯ್ತಲ್ಲೇ."

ದಿವ್ಯಳಿಗೆ ನಗು ತಡೆಯಲಾಗಲಿಲ್ಲ.

ಮನೆಯಲ್ಲಿ ಅಪ್ಪ ಗೋಪಾಲಪ್ಪ ರೇಷ್ಮೆ ಹುಳುವಿನ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸುತ್ತಿದ್ದ. ಹುಳು ಪೊರೆ ಬಿಡುವ ಕೊನೆಯ ಜ್ವರಕ್ಕೆ ಕೂತಿದ್ದವು. ನಾಳೆ ಎದ್ದರೆ ಅವುಗಳ ಹಸಿವಿಗೆ ಲೆಕ್ಕವಿಲ್ಲ, ತೋಟದ ಹಿಪ್ಪುನೇರಳೆ ಸೊಪ್ಪು ನೋಡಿದರೆ ಆಗಲೇ ಬಾಡಿ ಜೋಲುತ್ತಿತ್ತು. ಇನ್ನೆರಡು ದಿನ ನೀರಿಲ್ಲದಿದ್ದರೆ ಈ ಬೆಳೆ ಕೈಬಿಟ್ಟಂತೆಯೇ. ಅದು ಅಪ್ಪನಿಗೆ ಗೊತ್ತಿಲ್ಲದ್ದಲ್ಲ, ಆದರೆ ಅವನ ಹಟ ಅವನದು.

ರಂಜಿತ ಅಕ್ಕಿ ಡ್ರಮ್ಮಿನ ಹಿಂದಿನಿಂದ ವಾಲ್ವಿನ ಚಕ್ರ ತೆಗೆದಳು. "ಅಪ್ಪಾ, ಇದನ್ನ ಹಾಕ್ಬಿಟ್ ಬರ್ತೀನಿ."

"ಬೀಗದ ಕೈ ಇಸ್ಕೊಂಡ್ಯಾ?"

"ಇಲ್ಲಪ್ಪ. ಕೇಳೋದೂ ಇಲ್ಲ."

ಗೋಪಾಲಪ್ಪ ಕೈಲಿದ್ದ ತಟ್ಟೆಗೆ ಸುಣ್ಣ ಉದುರಿಸಿ ಮುಗಿಸಿದ. ಆಮೇಲೆ, "ಸ್ಪ್ಯಾನರ್ ಕಿಟಕೀಲೈತೆ," ಎಂದು ಮುಂದಿನ ತಟ್ಟೆ ಎಳೆದುಕೊಂಡ.

ಬೋರ್‌ವೆಲ್ ಹತ್ತಿರ ಚಕ್ರ ಕೂರಿಸಿ, ನಟ್ಟು ಬಿಗಿದು, ವಾಲ್ವ್ ತೆರೆಯುವಷ್ಟರಲ್ಲಿ ಅವಳ ಅಂಗೈ ಕೆಂಪಾಗಿತ್ತು. ನಾಲ್ಕಕ್ಕೆ ಕರೆಂಟು ಬಂದು ಡಬ್ಬದ ಮೇಲಿನ ದೀಪ ಹತ್ತಿತು. ಬೀಗ ಮಾತ್ರ ಬೀಗವಾಗಿಯೇ ಇತ್ತು. ದಡ್ಡತನ ಮಾಡಿದೆನೋ ಏನೋ ಎನ್ನಿಸಿ ಅವಳಿಗೆ ಅಳು ಬಂತು.

ಆಗ ಬದುವಿನ ಮೇಲೆ ದೊಡ್ಡಪ್ಪ ದೊಡ್ಡಮುನಿಯಪ್ಪ ಬರುವುದು ಕಂಡಿತು. ಅವನನ್ನು ಕರೆತಂದವಳಂತೆ ಹಿಂದೆ ದಿವ್ಯ. ಅವನು ರಂಜಿತಳ ಮುಖ ನೋಡಲಿಲ್ಲ. ಚಕ್ರವನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ, ಸೊಂಟದಿಂದ ಬೀಗದ ಕೈ ತೆಗೆದ.

"ಈಗ ನಿಮ್ ಸರದಿ ಅಲ್ವಾ ದೊಡ್ಡಪ್ಪ?" ಅವಳು ದೊಡ್ಡಪ್ಪನ ತೋಟದ ಕಡೆಗೆ ಪೈಪು ತಿರುಗಿಸಲು ಹೋದಳು.

"ತಾಳು. ನಿಮ್ಮಪ್ಪಂದು ಅರ್ಧ ಗಂಟೆ ಉಳ್ದೈತಲ್ಲ, ಅದು ಮುಗೀಲಿ."

ಬೀಗ ತೆಗೆದು ಗುಂಡಿ ಒತ್ತಿದ. ಪೈಪು ಒಂದಷ್ಟು ಹೊತ್ತು ಬರೀ ಗಾಳಿ ಕೆಮ್ಮಿತು. ಆಮೇಲೆ ಕೆಂಪು ನೀರು, ಅದರ ಹಿಂದೆಯೇ ತಿಳಿನೀರು, ಗೋಪಾಲಪ್ಪನ ಹಿಪ್ಪುನೇರಳೆ ಸಾಲಿಗೆ ಹರಿಯಿತು.