ಅಕ್ಕನ ಖಾತೆ ಅಳಿಸಿದ ಮೇಲೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯಲ್ಲಿ ನನಗೆ ಸಿಡುಕಿ ಎಂದೇ ಹೆಸರು. ಆ ಬೆಳಿಗ್ಗೆಯೂ ಸಿಡುಕುತ್ತಲೇ ಕೂತಿದ್ದೆ. ಯಾವನೋ ಕೆಲಸವಿಲ್ಲದವನು ಅಕ್ಕನ ಪಾಸ್‌ವರ್ಡ್ ಊಹಿಸಿ ನಮ್ಮ ಸೈಟುಗಳ ಒಳಗೆ ನುಗ್ಗಲು ನೋಡುತ್ತಿದ್ದ. ಅಕ್ಕ ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ. ಅವಳ ಖಾತೆ ಅಳಿಸಲು ಅಲ್ಲಿಯವರೆಗೆ ನನಗೆ ಕೈ ಬಂದಿರಲಿಲ್ಲ.

ನಾವಿಬ್ಬರೂ ಸೇರಿ ಮನೆಯ ಮುಂದಿನ ಕೋಣೆಯಲ್ಲೇ ವೆಬ್‌ಸೈಟ್ ಕಟ್ಟಿಕೊಡುವ ಕೆಲಸ ಶುರು ಮಾಡಿದ್ದೆವು. ವಿನ್ಯಾಸ ನನ್ನದು, ಬರಹ ಅವಳದು. ಗಿರಾಕಿಗಳ ಸೈಟುಗಳೆಲ್ಲ ಒಂದೇ ಸಿಎಂಎಸ್‌ನಲ್ಲಿದ್ದವು. ಪುಟ, ಚಿತ್ರ, ಬರಹಗಳನ್ನೆಲ್ಲ ಒಳಗಿನಿಂದ ಜೋಡಿಸುವ ಆ ವ್ಯವಸ್ಥೆಯಲ್ಲಿ ಪ್ರತಿ ಪುಟಕ್ಕೂ ಅದನ್ನು ಬರೆದವರ ಹೆಸರು ಅಂಟಿಕೊಂಡಿರುತ್ತದೆ. ಹೆಚ್ಚುಕಡಿಮೆ ಎಲ್ಲ ಪುಟಗಳೂ ಅಕ್ಕನವು.

ಖಾತೆ ಅಳಿಸು ಎಂದು ಒತ್ತಿದೆ. ಸಿಎಂಎಸ್ ಯಾವಾಗಲೂ ಕೇಳುವುದನ್ನೇ ಕೇಳಿತು: ಈ ಬಳಕೆದಾರರದ್ದನ್ನೆಲ್ಲ ಅಳಿಸಬೇಕೇ, ಇಲ್ಲವೇ ಇನ್ನೊಬ್ಬರ ಹೆಸರಿಗೆ ಸೇರಿಸಬೇಕೇ? ಅವಳು ಬರೆದದ್ದನ್ನು ಅಳಿಸಲು ನನಗೇನು ತಲೆ ಕೆಟ್ಟಿದೆಯೇ? ನನ್ನ ಹೆಸರನ್ನು ಆರಿಸಿ ಸರಿ ಎಂದೆ.

ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿದರು. ಅವರ ಸೈಟಿನ ಮೊದಲ ಪುಟದಲ್ಲಿ ಒಂದು ಮಾತಿದೆ: ನೋವಾದರೆ ಕೈ ಎತ್ತಿ, ನಾನು ನಿಲ್ಲಿಸುತ್ತೇನೆ. ಆ ಮಾತು ನೋಡಿಯೇ ಜನ ಧೈರ್ಯ ಮಾಡಿ ಬರುತ್ತಾರಂತೆ. ಇಡೀ ಬೆಳಿಗ್ಗೆ ನಮ್ಮ ಮೂಲೆ ಕುರ್ಚಿಯಲ್ಲಿ ಕೂತು, ರೋಗಿಗಳ ಮುಖ ನೋಡಿ ಬರೆದೆಯಲ್ಲ, ಸಾರ್ಥಕವಾಯಿತು ಎಂದರು. ಅದು ನಾನಲ್ಲ, ಅಕ್ಕ ಎಂದೆ. ಯಾವ ಅಕ್ಕ ಎಂದು ನಕ್ಕರು. ಆಮೇಲೆ ಕೇಳಿದರು:

"ಅವತ್ತು ಕಿತ್ತೆನಲ್ಲ, ಆ ಹಲ್ಲಿನ ಜಾಗ ಈಗ ನೋಯ್ತಿಲ್ಲ ತಾನೆ?"

ಹಲ್ಲು ಕೀಳಿಸಿಕೊಂಡವಳು ಅಕ್ಕ. ನಾನು ಹಲ್ಲು ಕೀಳುವ ಕುರ್ಚಿಯ ಹತ್ತಿರವೂ ಸುಳಿಯದ ಪುಕ್ಕಲಿ. ಆದರೂ ನಾಲಿಗೆ ತನ್ನಷ್ಟಕ್ಕೇ ಹಿಂದಕ್ಕೆ ಹೋಯಿತು. ಬೆಳಿಗ್ಗೆ ಉಜ್ಜಿದ್ದ ಹಲ್ಲು ಅಲ್ಲಿರಲಿಲ್ಲ. ಗಾಯ ಮಾಗಿ ನುಣ್ಣಗಾಗಿತ್ತು.

ಸಂಜೆ ಅಮ್ಮ ಟೀ ತಂದಳು. ದಿನಾ ಆ ಹೊತ್ತಿಗೆ ಅವಳು ನನ್ನ ಪಕ್ಕ ಕೂತು, ನಮ್ಮ ಸೈಟಿನ ‘ನಮ್ಮ ಬಗ್ಗೆ’ ಪುಟ ತೆಗೆಸಿ, ಅಕ್ಕನ ಫೋಟೋ ನೋಡಿ ಅಳುತ್ತಿದ್ದಳು. ಅವತ್ತು ಏನೋ ಗುನುಗುತ್ತ ಬಂದಳು. ಪುಟ ತೆಗೆದೆ. ಇಬ್ಬರಿದ್ದ ಕಡೆ ಒಬ್ಬಳೇ ಇದ್ದಳು. ಅಕ್ಕನ ಹಸಿರು ಸ್ವೆಟರ್ ತೊಟ್ಟ ನಾನು. ಎಷ್ಟು ಲಕ್ಷಣವಾಗಿದ್ದೀಯ ಚಿನ್ನ, ಎಂದಳು ಅಮ್ಮ. ಚಿನ್ನ ಎಂದು ಅವಳು ಕರೆಯುತ್ತಿದ್ದದ್ದು ಅಕ್ಕನನ್ನು. ಅಮ್ಮಾ, ಅಕ್ಕನ ಫೋಟೋ ಎಲ್ಲಿ ಎಂದು ಕೇಳಿದರೆ ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು. ಓಡಿ ಹೋಗಿ ಒಳಕೋಣೆ ನೋಡಿದೆ. ಅಕ್ಕನ ಮಂಚದ ಮೇಲೆ ಹಳೆಯ ರಟ್ಟಿನ ಪೆಟ್ಟಿಗೆಗಳಿದ್ದವು. ಅವುಗಳ ಮೇಲೆ ಬೆರಳು ಮುಳುಗುವಷ್ಟು ಧೂಳಿತ್ತು.

ಸರಿಪಡಿಸುವ ದಾರಿ ನನಗೆ ಗೊತ್ತಿತ್ತು. ಸರ್ವರ್ ಕಂಪನಿಯವರು ಸೈಟಿನ ಹಳೆಯ ಪ್ರತಿಯನ್ನು ಒಂದು ವಾರ ಇಟ್ಟುಕೊಂಡು ಆಮೇಲೆ ಅಳಿಸುತ್ತಾರೆ. ಅದನ್ನು ಮತ್ತೆ ಕೂರಿಸಿದರೆ ಅಕ್ಕನ ಖಾತೆ ಅಕ್ಕನಿಗೆ. ಕೂಡಲೇ ಯಾಕೆ ಮಾಡಲಿಲ್ಲ ಎನ್ನುತ್ತೀರಾ? ಸುಖವಾಗಿತ್ತು, ಅದಕ್ಕೆ. ಅಮ್ಮ ಹೊಟ್ಟೆ ತುಂಬ ಉಂಡಳು, ನಿದ್ದೆ ಮಾಡಿದಳು, ಪಕ್ಕದ ಮನೆಯವರ ಜೊತೆ ಹರಟೆ ಹೊಡೆದಳು. ನನ್ನ ಗುಂಗುರು ಕೂದಲನ್ನು ಕಾಗೆ ಗೂಡು ಎಂದು ಬಾಚಣಿಗೆ ಬಿಸಾಕುತ್ತಿದ್ದವಳು ಈಗ ದಿನಾ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಜಡೆ ಹಾಕಿಸಿಕೊಳ್ಳುವ ಭಾಗ್ಯ ಹಿಂದೆಲ್ಲ ಅಕ್ಕನದು. ಎಷ್ಟು ಹಾಯೆನಿಸುತ್ತಿತ್ತೆಂದರೆ, ಕೂದಲು ದಿನೇ ದಿನೇ ಗುಂಗುರು ಬಿಟ್ಟು ನೀಳವಾಗುತ್ತಿದ್ದದ್ದನ್ನು ಕಂಡೂ ನಾನು ಬಾಯಿ ಬಿಡಲಿಲ್ಲ.

ಆ ವಾರದ ಕೊನೆಯ ದಿನ, ಸುಮ್ಮನೆ ಕೂತಿದ್ದಾಗ, ಡಾಕ್ಟರಮ್ಮನ ಮೂಲೆ ಕುರ್ಚಿ ನೆನಪಾಯಿತು. ಅದರ ಹರಿದ ರೆಕ್ಸಿನ್ನು ಮೊಣಕಾಲ ಹಿಂದೆ ಚುಚ್ಚುತ್ತಿದ್ದದ್ದು, ಎದುರಿನ ಮುದುಕ ಟೋಪಿ ಹಿಂಡುತ್ತಿದ್ದದ್ದು, ಎಲ್ಲ. ನಾನು ಅಲ್ಲಿ ಕೂತವಳೇ ಅಲ್ಲ. ಅಕ್ಕ ಇದ್ದಳೆಂದು ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಈಗ ನನ್ನೊಳಗಿಂದಲೂ ಅವಳು ಜಾರುತ್ತಿದ್ದಳು. ಸಂಜೆಗೆ ಹಳೆಯ ಪ್ರತಿಯೂ ಇರುವುದಿಲ್ಲ. ಹಾಗೆಂದು ಅವಳನ್ನು ವಾಪಸ್ ತಂದರೆ ಅಮ್ಮನ ದುಃಖವನ್ನೂ ತಂದಂತೆ. ಮಗಳು ಸತ್ತ ಸುದ್ದಿಯನ್ನು ತಾಯಿಗೆ ಎರಡನೇ ಸಲ ಯಾರು ಹೇಳುತ್ತಾರೆ?

ಲ್ಯಾಪ್‌ಟಾಪಿನ ಮುಂದೆ ಕೂತೆ. ಅಮ್ಮ ಬಾಚಣಿಗೆ ಹಿಡಿದು ಬೆನ್ನ ಹಿಂದೆ ಕೂತಳು. ಪರದೆಯ ಮೇಲೆ ‘ಹಳೆಯ ಪ್ರತಿ ಮರುಸ್ಥಾಪಿಸು’ ಎಂಬ ಗುಂಡಿ ಇತ್ತು. ಅವಳು ನಿಧಾನವಾಗಿ ಜಡೆ ಹೆಣೆಯುತ್ತ ಹೇಳಿದಳು:

"ನೀನು ಒಬ್ಬಳೇ ಆದ್ರೂ ಇಬ್ಬರು ಮಕ್ಕಳಿದ್ದ ಹಾಗೆ ಮನೆ ತುಂಬಿಬಿಟ್ಟೆ ಕಣೆ."

ನನಗೆ ತಡೆಯಲಾಗಲಿಲ್ಲ. ಒತ್ತಿಬಿಟ್ಟೆ.

ಪರದೆಯ ಮೇಲೆ ನೀಲಿ ಪಟ್ಟಿ ತೆವಳುತ್ತ ತುಂಬಿತು. ನಾಲಿಗೆಗೆ ಹಲ್ಲು ತಗುಲಿತು. ಕೂದಲಲ್ಲಿದ್ದ ಅಮ್ಮನ ಕೈ ನಿಂತಿತು. ತಿರುಗಿ ನೋಡಿದೆ. ಅವಳು ಬಾಚಣಿಗೆಯನ್ನೇ ದಿಟ್ಟಿಸುತ್ತಿದ್ದಳು.

"ಇದು ಅವಳ ಬಾಚಣಿಗೆ ಅಲ್ವೇನೆ, ಸಿಡುಕಿ?"

ಆಮೇಲೆ ಅವಳ ಗಂಟಲಿಂದ ಬಂದ ಸದ್ದನ್ನು ನಾನು ಮೊದಲು ಕೇಳಿದ್ದು ಆಸ್ಪತ್ರೆಯಲ್ಲಿ, ಅಕ್ಕ ಹೋದ ದಿನ. ತಬ್ಬಿಕೊಳ್ಳಲು ಹೋದೆ, ಕೈ ಸರಿಸಿದಳು. ಬಾಚಣಿಗೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಅಕ್ಕನ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಪೆಟ್ಟಿಗೆಗಳು ಇರಲಿಲ್ಲ.

ನನ್ನ ಜಡೆ ಅರ್ಧಕ್ಕೆ ನಿಂತಿತ್ತು. ಉಳಿದರ್ಧ ನಾನೇ ಹೆಣೆದುಕೊಂಡೆ.