ಮಗ್ಗ ನಿಂತ ನಿಮಿಷ

ನಾನು ಒಂದು ಮೈಕು. ಚೆಲುವೇನೂ ಇಲ್ಲ, ಕಪ್ಪು ಮೈ, ಬಲೆಯ ಮೂತಿ. ಯಾವುದೋ ಕಾರ್ಖಾನೆಯ ಬೆಂಚಿನ ಮೇಲೆ ಕಿವಿಯಾಗಿ ಹುಟ್ಟಿದೆ. ನನ್ನ ಮೊದಲ ಯಜಮಾನ ಹುಬ್ಬಳ್ಳಿಯಲ್ಲಿ ಕ್ಯಾಸೆಟ್ ಮಾಡುತ್ತಿದ್ದವನು. ಭಜನಾ ಮಂಡಳಿಗಳ ಹಾಡಿಗಿಂತ ಅವರ ಕೆಮ್ಮನ್ನೇ ಹೆಚ್ಚು ಕೇಳುತ್ತ ಅಲ್ಲಿ ನನ್ನ ಪ್ರಾಯ ಕಳೆಯಿತು. ಕ್ಯಾಸೆಟ್ಟಿನ ಕಾಲ ಮುಗಿದಾಗ ಅವನು ನನ್ನನ್ನು ವತ್ಸಲಾ ಕುಲಗೋಡ ಎಂಬುವಳಿಗೆ ಮಾರಿದ.

ವತ್ಸಲಾ ಸಾಕ್ಷ್ಯಚಿತ್ರ ಮಾಡುವವಳು, ಹಿಡಿದ ಪಟ್ಟು ಬಿಡದವಳು. ಆಕೆಯ ಹಿಂದಿನ ಚಿತ್ರ ಅರ್ಧಕ್ಕೇ ನಿಂತಿತ್ತು. ಇದೂ ನಿಂತರೆ ಮತ್ತೆ ಯಾರೂ ತನ್ನನ್ನು ಕರೆಯುವುದಿಲ್ಲ ಎಂದು ಗೊತ್ತಿದ್ದೇ ಆಕೆ ನನ್ನನ್ನು ಗುಳೇದಗುಡ್ಡಕ್ಕೆ ಒಯ್ದಳು. ಅಲ್ಲಿ ರವಿಕೆಯ ಖಣ ನೇಯುವ ಕುಣಿಮಗ್ಗಗಳಿವೆ. ನೇಯುವವರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಕೂರುತ್ತಾರೆ. ಚನ್ನಪ್ಪನ ಮಗ್ಗದ ಖಣವೆಂದರೆ ಊರಿಗೆಲ್ಲ ಹೆಸರು.

ಚನ್ನಪ್ಪ ಟಿವಿಯವರನ್ನು ಕಂಡು ಪಳಗಿದವನು. "ನಮ್ಮ ಕಸಬು ಸಾಯಾಕ ಹತ್ತೈತ್ರಿ. ನನ್ನ ಹಿಂದ ಇದನ್ನ ಮಾಡವ್ರ ಇಲ್ಲ" ಎಂದು ಗಿಳಿಪಾಠ ಒಪ್ಪಿಸಿದ. ಅವನ ಹೆಂಡತಿ ನೀಲವ್ವ ಚಹಾ ಕೊಟ್ಟು ಅಡುಗೆಮನೆ ಸೇರಿಕೊಂಡಳು.

"ಎಲ್ಲಾ ಸಿಕ್ಕೈತಿ ಮೇಡಮ್, ಗಂಟು ಕಟ್ಟೂಣು" ಎಂದ ಕ್ಯಾಮೆರಾದ ಇಮ್ತಿಯಾಜ್.

"ಚಿತ್ರ ಸಿಕ್ಕೈತಿ. ಕಥಿ ಸಿಕ್ಕಿಲ್ಲ. ಅದು ಸಿಗೂತನಕ ನಾ ಏಳಂಗಿಲ್ಲ" ಎಂದಳು ವತ್ಸಲಾ.

ನಮ್ಮ ಕಸಬಿನಲ್ಲೊಂದು ಪದ್ಧತಿ ಇದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಬರೀ ಮೌನವನ್ನು ಹಿಡಿಯುತ್ತಾರೆ. ಮಾತಿನ ನಡುವಿನ ಸಂದುಗಳಿಗೆ ತೇಪೆ ಹಚ್ಚಲು ಅದು ಬೇಕು. ಕ್ಯಾಮೆರಾದ ಮುಂದೆ ನಾನು ಲೆಕ್ಕಕ್ಕಿಲ್ಲದವನು, ಆದರೆ ಆ ಒಂದು ನಿಮಿಷ ಮಾತ್ರ ನನ್ನದು. ಕ್ಯಾಮೆರಾಕ್ಕಾಗಿ ನೇಯುತ್ತಿದ್ದ ಚನ್ನಪ್ಪ ಕೈ ನಿಲ್ಲಿಸಿದ. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು.

ಆಗ ಒಳಕೋಣೆಯಿಂದ ಒಂದು ಮುದಿ ದನಿ ಬಂತು. ಕಣ್ಣು ಹೋಗಿ ಹಾಸಿಗೆ ಹಿಡಿದಿದ್ದ ಚನ್ನಪ್ಪನ ಅಪ್ಪ ಕೂಗಿದ್ದ.

"ನೀಲವ್ವಾ, ಮಗ್ಗ ಯಾಕ ನಿಂತತವಾ? ನೂಲು ಹರೀತೇನು?"

ಮಗ್ಗದಲ್ಲಿ ಕೂತವನು ಮಗ. ಮುದುಕ ಕರೆದದ್ದು ಸೊಸೆಯನ್ನು. ಚನ್ನಪ್ಪನ ಮುಖ ಬಾಡಿತು. ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕೆಟ್ಟಿತು, ಮತ್ತೊಮ್ಮೆ ತಗೋಳೂಣು" ಎಂದು ಇಮ್ತಿಯಾಜ್ ನನ್ನತ್ತ ಕೈಚಾಚಿದ. ವತ್ಸಲಾ ಅವನ ಕೈ ತಡೆದಳು.

"ನಡ ಹಿಡದು ಭಾಳ ವರ್ಸ ಆತ್ರಿ. ತಾಸಿನ ಮ್ಯಾಲ ಕೂಡಾಕ ಆಗಂಗಿಲ್ಲ. ಖಣಾ ಎಲ್ಲಾ ಆಕಿನ ನೇಯತಾಳ" ಎಂದ ಚನ್ನಪ್ಪ, ನೆಲ ನೋಡುತ್ತ.

ವತ್ಸಲಾ ನೀಲವ್ವನ ಕಡೆ ತಿರುಗಿದಳು. ನೀಲವ್ವ ಖಡಾಖಂಡಿತವಾಗಿ ಹೇಳಿದಳು: "ಅವರ ಮರ್ಯಾದಿ ಕಳದು ನನಗ ಪಿಚ್ಚರ್ ಬ್ಯಾಡ್ರಿ."

ವತ್ಸಲಾ ಒತ್ತಾಯ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಮರುದಿನ ಬಂದು ಅದೇ ಜಾಗದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅದರ ಮರುದಿನವೂ ಕೂತಳು. ನೀಲವ್ವ ಚಹಾ ಕೊಟ್ಟಳೇ ಹೊರತು ಮಗ್ಗದ ಹತ್ತಿರ ಬರಲಿಲ್ಲ. ಕೊನೆಗೆ ಚನ್ನಪ್ಪನೇ ಗೋಡೆ ಹಿಡಿದು ಕುಣಿಯಿಂದ ಮೇಲೆದ್ದ. ಹೆಂಡತಿಗೆ ಜಾಗ ಬಿಟ್ಟು, "ಕೂಡು. ನನ್ನ ಹಿಂದ ಮಾಡವ್ರ ಇಲ್ಲ ಅಂತ ಎಷ್ಟ ಮಂದಿ ಮುಂದ ಸುಳ್ಳ ಹೇಳ್ಲಿ?" ಎಂದ. ನೀಲವ್ವ ಕೂತಳು. ಮಗ್ಗದ ದನಿಯೇ ಬದಲಾಯಿತು. ಒಳಗಿನಿಂದ ಮುದುಕ "ಹಾಂ" ಎಂದದ್ದು ನನಗಷ್ಟೇ ಕೇಳಿಸಿತು.

ಚಿತ್ರ ಮುಗಿದಾಗ ಅದನ್ನು ನೇಕಾರ ಓಣಿಯಲ್ಲೇ ಬಿಳಿ ಪಂಚೆ ಕಟ್ಟಿ ತೋರಿಸಿದರು. ಅಷ್ಟರಲ್ಲಿ ಮುದುಕ ತೀರಿಕೊಂಡಿದ್ದ. ಚಿತ್ರ ಮುಗಿದ ಮೇಲೆ ನಾಲ್ಕು ಮಾತಾಡಲಿ ಎಂದು ನೀಲವ್ವನನ್ನು ಮುಂದೆ ಕೂರಿಸಿ, ನನ್ನನ್ನು ಆಕೆಯ ಮುಂದೆ ನಿಲ್ಲಿಸಿದ್ದರು. ಪರದೆಯ ಮೇಲೆ ಮಗ್ಗ ನಿಂತಿತು. ಮುದುಕನ ದನಿ ಬಂತು.

"ನೀಲವ್ವಾ, ಮಗ್ಗ ಯಾಕ ನಿಂತತವಾ? ನೂಲು ಹರೀತೇನು?"

ನೀಲವ್ವ ಮೈಮರೆತು ಅರ್ಧ ಎದ್ದಳು. "ಇಲ್ರೀ ಮಾವಾ, ಹರದಿಲ್ಲ. ಇಲ್ಲೇ ಅದೀನಿ" ಎಂದಳು. ಆ ಮಾತನ್ನು ನಾನು ಇಡೀ ಓಣಿಗೆ ಮುಟ್ಟಿಸಿದೆ. ಆಮೇಲೆ ಆಕೆಯನ್ನು ಭಾಷಣ ಮಾಡೆಂದು ಯಾರೂ ಕೇಳಲಿಲ್ಲ.

ಈಗ ನನ್ನ ಮೂತಿ ನಗ್ಗಿದೆ, ತಂತಿ ಎಲ್ಲೋ ಕಳೆದಿದೆ. ಅಂಗಿಗೆ ಸಿಕ್ಕಿಸುವ ಹುಣಸೆಬೀಜದಷ್ಟು ಮೈಕುಗಳು ಬಂದಿವೆ; ನಾನು ಕಪಾಟಿನ ಮೂಲೆಯಲ್ಲಿದ್ದೇನೆ. ಆದರೆ ಹೊಸ ಕಥೆ ಕೈಗೆ ಸಿಗದೆ ಸತಾಯಿಸುವಾಗ ವತ್ಸಲಾ ನನ್ನನ್ನು ತೆಗೆದು ಮೇಜಿನ ಮೇಲಿಟ್ಟು, ಎದುರಿಗೆ ಸುಮ್ಮನೆ ಕೂರುತ್ತಾಳೆ. ನಾವಿಬ್ಬರೂ ಏಳುವುದಿಲ್ಲ. ಯಾವುದಾದರೊಂದು ಒಳಕೋಣೆಯಿಂದ, ಆ ಮುದುಕನ ಹಾಗೆ, ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ.